ಖೋಡಿ ಹೇಳಿ ಹೋದವನು

ಬಿಟ್ಟು ಹೋಗುವುದಕ್ಕೂ ಒಂದು ರೀತಿ ಇದೆ. ಇದನ್ನು ನಾನು ಸಾಲೆಯಲ್ಲಿ ಕಲಿತವಳಲ್ಲ, ಭಾಲ್ಕಿಯ ದನದ ಸಂತೆಯಲ್ಲಿ ಕಲಿತವಳು. ಅಪ್ಪ ಅಲ್ಲಿ ದಲಾಲನಾಗಿದ್ದ. ಕೊಳ್ಳುವವನ ಕೈಯನ್ನು ತನ್ನ ಟವೆಲಿನ ಕೆಳಗೆ ಹಿಡಿದು, ಬೆರಳು ಒತ್ತಿ ಬೆಲೆ ಕೇಳುತ್ತಿದ್ದ. ಆಮೇಲೆ ಮಾರುವವನ ಕೈ ಹಿಡಿದು ಹಾಗೆಯೇ ಒತ್ತುತ್ತಿದ್ದ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬೆಲೆ ಕುದುರಿದ ಮೇಲೆ ಕೊಳ್ಳುವವನು ಮುಂಗಡ ಇಡಬೇಕು. ಅದಕ್ಕೆ ನಮ್ಮ ಕಡೆ ಬಯಾನಾ ಎನ್ನುತ್ತಾರೆ.

ಬಯಾನಾ ಕೊಟ್ಟ ಮೇಲೆ ಕೊಳ್ಳುವವನು ಹಿಂದೆ ಸರಿದರೆ ಆ ದುಡ್ಡು ಮಾರುವವನದು. ಮಾರುವವನೇ ಹಿಂದೆ ಸರಿದರೆ ಅವನು ಬಯಾನಾದ ದುಪ್ಪಟ್ಟು ಕೊಡಬೇಕು. ಇಷ್ಟು ಎಲ್ಲ ಸಂತೆಗಳಲ್ಲೂ ಇರಬಹುದು. ಅಪ್ಪ ಎಲ್ಲಕ್ಕಿಂತ ಬಿಗಿಯಾಗಿ ಹಿಡಿದದ್ದು ಇನ್ನೊಂದು ಮಾತನ್ನು: ಬಿಟ್ಟು ಹೋಗುವವನು ದನದ ಖೋಡಿ ಹೇಳಬಾರದು. ಖೋಡಿ ಎಂದರೆ ಐಬು. ಮನಸ್ಸಾಗಲಿಲ್ಲ ಎನ್ನಬೇಕು, ಚಪ್ಪಲಿ ಮೆಟ್ಟಿ ನಡೆಯಬೇಕು. ಯಾಕೆಂದರೆ ಅವನು ಹೋದ ಮೇಲೂ ಆ ದನ ಅದೇ ಸಂತೆಯಲ್ಲಿ, ಅದೇ ಗೂಟದಲ್ಲಿ ನಿಂತಿರುತ್ತದೆ. ಖೋಡಿ ಹೇಳಿ ಹೋದವನ ಕೈಯನ್ನು ಅಪ್ಪ ಮತ್ತೆಂದೂ ತನ್ನ ಟವೆಲಿನ ಕೆಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮಳೆ ಎರಡು ವರ್ಷ ಕೈಕೊಟ್ಟ ಕಾಲದಲ್ಲಿ ನಾನು ಬೀದರಿನಲ್ಲಿ ಗಂಡಸರ ಜೊತೆ ಹೊತ್ತು ಕಳೆಯುವ ಕೆಲಸ ಮಾಡಿದೆ. ಆ ಕೆಲಸಕ್ಕೆ ಜನ ಇಟ್ಟಿರುವ ಹೆಸರುಗಳು ನನಗೂ ಗೊತ್ತಿವೆ. ಬರೆದು ಅವರಿಗೆ ಖುಷಿ ಕೊಡಲಾರೆ. ಆಗ ನನಗೆ ಮೂವತ್ತನಾಲ್ಕು. ಗಂಡ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿದ್ದ. ನಾನು ನೌಬಾದಿನಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ಹುಡುಗರ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನೀರಿಲ್ಲವೆಂದು ಮೆಸ್ಸು ಮುಚ್ಚಿತು. ನೆರೆಹೊರೆಯವರು ತಗಡಿನ ಪೆಟ್ಟಿಗೆ ಹೊತ್ತು ಪುಣೆ, ಹೈದರಾಬಾದಿನ ಬಸ್ಸು ಹತ್ತಿದರು. ಗಂಡನಿರುವ ಊರಿಗೆ ಕೂಲಿಗೆ ಹೋಗಿ, ಅವನ ಕಣ್ಣೆದುರೇ ಸಿಮೆಂಟಿನ ಬುಟ್ಟಿ ಹೊರುವುದಕ್ಕೆ ನನ್ನ ಸೊಕ್ಕು ಬಿಡಲಿಲ್ಲ. ಅಳುವ ಕತೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ಬೀದರ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಲಾಡ್ಜಿನಲ್ಲಿ ನನ್ನ ವ್ಯವಹಾರ. ಬೇಕಾದವರು ಅಲ್ಲಿನ ಮ್ಯಾನೇಜರನಿಗೆ ಹೇಳುತ್ತಿದ್ದರು, ಅವನು ನನಗೆ ಫೋನ್ ಮಾಡುತ್ತಿದ್ದ. ಮಧ್ಯಾಹ್ನದ ಹೊತ್ತಷ್ಟೇ ಬರುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಸಾವಿರದೈನೂರು. ಅದರಲ್ಲಿ ಐನೂರು ಮೊದಲೇ ಕೌಂಟರಿನಲ್ಲಿ ಇಡಬೇಕು. ಬಂದು ನೋಡಿ ಬಿಟ್ಟು ಹೋದರೆ ಆ ಐನೂರು ನನ್ನದು. ನಾನೇ ಬರದಿದ್ದರೆ ಅವರಿಗೆ ಸಾವಿರ ಕೊಡುತ್ತೇನೆ. ಮತ್ತೆ, ಬಿಟ್ಟು ಹೋಗುವವರು ನನ್ನ ಬಗ್ಗೆ ತುಟಿ ಪಿಟಕ್ಕೆನ್ನಬಾರದು.

"ಇದೇನು ದನದ ಸಂತಿ ಏನವ್ವ?" ಎಂದು ಮ್ಯಾನೇಜರ ನಕ್ಕ.

"ಹೌದ್ರಿ. ಫರಕ್ ಏನದ ಹೇಳ್ರಿ, ನೋಡೋಣ," ಎಂದೆ.

ಐನೂರು ಹೆಚ್ಚಾಯಿತೆಂದು ಗೊಣಗುವವರಿದ್ದರು. ಅವರಿಗೆ ಲೆಕ್ಕ ಗೊತ್ತಿರಲಿಲ್ಲ. ನೌಬಾದಿನಿಂದ ಬಂದು ಹೋಗುವ ಆಟೋ ಬಿಡಿ. ಆ ಬೇಸಿಗೆಯಲ್ಲಿ ತಲೆಯ ಮೇಲಿಂದ ಒಂದು ಸ್ನಾನ ಮಾಡಬೇಕೆಂದರೆ ಟ್ಯಾಂಕರಿನವನ ಹಿಂದೆ ಓಡಿ ಎರಡು ಕೊಡ ನೀರು ಕೊಳ್ಳಬೇಕಿತ್ತು. ಒಂದು ಕೊಡದಲ್ಲಿ ಎರಡು ದಿನ ಕಳೆಯುತ್ತಿದ್ದವಳು ನಾನು, ಯಾರೋ ಒಬ್ಬನಿಗಾಗಿ ಎರಡು ಕೊಡ ಸುರಿದುಕೊಂಡು ಹೋದರೆ, ಅವನು ಬಾಗಿಲಲ್ಲಿ ನಿಂತು ಮೂಗು ಮುರಿದು ಹೊರಡುವುದು! ಹೋಗಲಿ, ಯಾರ ಮನಸ್ಸನ್ನೂ ಹಗ್ಗ ಹಾಕಿ ಕಟ್ಟಲು ಬರುವುದಿಲ್ಲ. ಆದರೆ ನೀರಿನ ದುಡ್ಡು ಇಟ್ಟು ಹೋಗಲಿ.

ಚೆಂದವಾಗಿ ಬಿಟ್ಟು ಹೋದವರೂ ಇದ್ದರು. ಯಾವುದೋ ಆಫೀಸಿನ ಒಬ್ಬ ನಡುವಯಸ್ಸಿನವರು ಬಂದು ಕುರ್ಚಿಯಲ್ಲಿ ಕುಳಿತು, ಒಂದು ಗ್ಲಾಸು ನೀರು ಕುಡಿದು, "ತಪ್ಪು ತಿಳ್ಕೋಬ್ಯಾಡ್ರಿ, ನನಗ ಮನಸ್ಸಾಗವಲ್ದು" ಎಂದು ಎದ್ದರು. ಐನೂರರ ಮೇಲೆ ಆಟೋದ ದುಡ್ಡನ್ನೂ ಬೇರೆಯಾಗಿ ಇಟ್ಟರು. ಆ ಎರಡು ವರ್ಷಗಳಲ್ಲಿ ಬಂದವರ ಪೈಕಿ ನನಗೆ ರೀ ಹಚ್ಚಿ ಮಾತಾಡಿದವರು ಅವರೊಬ್ಬರೇ. ನಾನು ಬಿಟ್ಟು ಬಂದದ್ದೂ ಉಂಟು. ಒಬ್ಬನೇ ಎಂದು ಹೇಳಿ ಇಬ್ಬರು ಕುಳಿತಿದ್ದ ಕೋಣೆಯಿಂದ ಬಂದ ದಾರಿಯಲ್ಲೇ ತಿರುಗಿದೆ. ಅಲ್ಲಿ ಸೌದಾ, ಅಂದರೆ ಕುದುರಿದ ವ್ಯಾಪಾರ, ಮುರಿದವರು ಅವರು, ಆದ್ದರಿಂದ ಬಯಾನಾ ಇಟ್ಟುಕೊಂಡೆ. ಇನ್ನೊಮ್ಮೆ ಜ್ವರ ಬಂದು ಏಳಲಾಗಲಿಲ್ಲ. ಮರುವಾರ ಹೋಗಿ ದುಪ್ಪಟ್ಟು ಕೊಟ್ಟೆ. ಮ್ಯಾನೇಜರ ನನಗೆ ತಲೆ ಕೆಟ್ಟಿದೆ ಎಂದ.

ಔರಾದಿನ ಒಬ್ಬ ವ್ಯಾಪಾರಿ ಬಂದದ್ದು ಎರಡನೆಯ ಬೇಸಿಗೆಯಲ್ಲಿ. ಅವನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಎಂದು ಮ್ಯಾನೇಜರನೇ ಹೇಳಿದ್ದ. ನೀರಿನ ಡ್ರಮ್ಮು, ಕೊಡ, ಊರು ಬಿಟ್ಟು ಹೋಗುವವರಿಗೆ ಗುಡಾರ ಹೊದಿಸಲು ತಾಡಪತ್ರಿ. ಮಳೆ ಬಾರದೇ ಇದ್ದದ್ದರಿಂದ ಕೈತುಂಬ ದುಡ್ಡು ಕಂಡ ಕೆಲವರಲ್ಲಿ ಅವನೊಬ್ಬ. ಮಧ್ಯಾಹ್ನ ಮೂರರ ಸುಮಾರು. ಕರೆಂಟು ಇರಲಿಲ್ಲ. ಸೆಖೆ ತಾಳಲಾರದೆ ಬಳೆ ತೆಗೆದಿಟ್ಟು, ಉದ್ದ ತೋಳಿನ ರವಿಕೆಯ ತೋಳನ್ನು ಮೊಳಕೈವರೆಗೆ ಮಡಚಿದೆ. ನಾನು ಮಾಡಿದ ತಪ್ಪು ಅಷ್ಟೇ.

ನನ್ನ ಎಡಗೈಯಲ್ಲಿ, ಮಣಿಕಟ್ಟಿನ ಮೇಲೆ, ಮೂರು ಬರೆಗಳಿವೆ. ಏಳು ವರ್ಷದವಳಿದ್ದಾಗ ಕಾಮಣಿ ಆಗಿ ಕಣ್ಣು ಹಳದಿ ತಿರುಗಿದ್ದವು. ಅಪ್ಪ ದವಾಖಾನೆಗೆ ಒಯ್ಯಲಿಲ್ಲ. ಸಂತೆಯಲ್ಲಿ ಎತ್ತುಗಳಿಗೆ ಬರೆ ಹಾಕುತ್ತಿದ್ದ ಮುದುಕನ ಹತ್ತಿರ ಒಯ್ದು ಕಾಸಿದ ಕಬ್ಬಿಣ ಇಡಿಸಿದ. ಕಾಮಣಿ ತಾನಾಗಿಯೇ ಹೋಗುತ್ತಿತ್ತೋ ಏನೋ, ಹೆಸರು ಮಾತ್ರ ಬರೆಗೆ ಬಂತು.

ವ್ಯಾಪಾರಿ ನನ್ನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಹಿಡಿದ ರೀತಿಯಲ್ಲೇ ಗೊತ್ತಾಯಿತು, ಇವನು ದನ ಕೊಂಡವನು.

"ಇದೇನ ಇದು?"

"ಸಣ್ಣಾಕಿ ಇದ್ದಾಗ ಕಾಮಣಿ ಆಗಿತ್ರಿ. ಬರಿ ಹಾಕ್ಸ್ಯಾರ."

ಕೈ ಬಿಟ್ಟ. ನಮ್ಮ ಸಂತೆಗಳಲ್ಲಿ ಬರೆ ಇದ್ದ ಎತ್ತು ಕಂಡರೆ ಕೊಳ್ಳುವವರು ಹಾಗೇ ಕೈ ಬಿಡುತ್ತಾರೆ. ಬರೆ ಇದೆ ಎಂದರೆ ಬೇನೆ ಇತ್ತು. ಬೇನೆ ಇತ್ತೆಂದರೆ ಇನ್ನೂ ಒಳಗೆ ಇರಬಹುದು. ಮನುಷ್ಯರ ಮೈಯನ್ನೂ ಹಾಗೆಯೇ ಓದುವವರು ನಮ್ಮ ಕಡೆ ಬಿಟ್ಟರೆ ಬೇರೆಲ್ಲಾದರೂ ಇದ್ದಾರೋ ನನಗೆ ಗೊತ್ತಿಲ್ಲ.

"ಮನಸ್ಸಿಲ್ಲಂದ್ರ ಹೋಗ್ರಿ," ಎಂದೆ. "ಬಯಾನಾ ನನ್ನದು."

ಅವನು ಇಳಿದು ಹೋದ. ನಾನು ಬಳೆ ಏರಿಸಿಕೊಳ್ಳುತ್ತಾ ಮೆಟ್ಟಿಲ ಹತ್ತಿರ ಬಂದಾಗ ಕೆಳಗೆ ಕೌಂಟರಿನಿಂದ ಅವನ ದನಿ ಕೇಳಿತು. "ಬ್ಯಾನಿ ಇದ್ದಾಕಿನ್ನ ಇಟ್ಟೀರಿ ಇಲ್ಲಿ! ಮೈಯಾಗ ರೋಗ ಅದ ಆಕಿಗಿ, ನಾ ಕಣ್ಣಾರೆ ನೋಡೇನಿ. ನನ್ನ ಐನೂರ ವಾಪಸ್ ಕೊಡ್ರಿ." ಕೌಂಟರಿನ ಎದುರಿನ ಬೆಂಚಿನ ಮೇಲೆ ಮೂವರು ಗಂಡಸರು ಕುಳಿತಿದ್ದರು. ಮೂವರನ್ನೂ ನಾನು ಬಲ್ಲೆ. ಮೂವರೂ ನನ್ನನ್ನು ಬಲ್ಲರು.

ಇಳಿದು ಹೋಗಿ ಕೌಂಟರಿನ ಮೇಲೆ ಕೈ ಇಟ್ಟೆ. "ರೊಕ್ಕಾ ಸಿಗೂದಿಲ್ರಿ. ಆದ್ರ ನೀವು ಈಗ ಆಡಿದ ಮಾತು ವಾಪಸ್ ತಗೋರಿ."

ಅವನು ಬೆಂಚಿನವರ ಕಡೆ ನೋಡಿ ನಕ್ಕ. ಅವರೂ ನಕ್ಕರು. ಮ್ಯಾನೇಜರ ಐನೂರರ ನೋಟನ್ನು ನನ್ನ ಕೈಗೆ ಕೊಟ್ಟ. ಕೊಡುವಾಗ ಬೆರಳು ತಾಗದ ಹಾಗೆ ಅಂಚು ಹಿಡಿದು ಕೊಟ್ಟ.

ಫೋನು ಸುಮ್ಮನಾಯಿತು. ಒಂದು ವಾರ, ಎರಡು ವಾರ. ಸರಕಾರಿ ದವಾಖಾನೆಗೆ ಹೋಗಿ ರಕ್ತ ಕೊಟ್ಟು, ಏನೂ ಇಲ್ಲ ಎಂದು ಬರೆದ ಕಾಗದ ತಂದು ಮ್ಯಾನೇಜರನ ಮುಂದೆ ಇಟ್ಟೆ. ಅವನು ಕೆಟ್ಟವನೇನಲ್ಲ, ಮುಖ ಚಿಕ್ಕದು ಮಾಡಿದ. "ಕಾಗದ ಖರೆ ಅದ ಅವ್ವ. ಆದ್ರ ಬರಾವ್ರಿಗಿ ನಾ ಕಾಗದ ತೋರಿಸ್ಕೋತ ಕೂಡ್ಲೇನು? ಬ್ಯಾನಿ ಅಂದಿದ್ದು ಬೆಂಚಿನ ಮಂದಿ ಕೇಳ್ಯಾರ, ಕಾಗದ ಅವ್ರೇನು ಓದ್ಯಾರ?" ಎಂದ. ಒಬ್ಬನ ಬಾಯಿಂದ ಬಿದ್ದ ಒಂದೇ ಮಾತು ನನ್ನ ಅನ್ನ ಕಿತ್ತುಕೊಂಡಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ: ನಾನು ಮೈ ತೊಳೆದುಕೊಂಡು, ಬೆಲೆ ಹೇಳಿ, ಮಾತಿಗೆ ತಪ್ಪದೆ ನಡೆದವಳು. ಆ ಕೆಲಸದಲ್ಲಿ ನನ್ನದೆಂದು ಇದ್ದದ್ದು ಅದೊಂದೇ. ಅದನ್ನು ಅವನು ಮೂರು ಜನರ ಮುಂದೆ ಉಗಿದು ಹೋಗಿದ್ದ. ದುಡ್ಡಲ್ಲ, ಆ ಮಾತು ವಾಪಸ್ ಬೇಕಿತ್ತು ನನಗೆ.

ಸಂತೆಯ ದಿನ ಭಾಲ್ಕಿಗೆ ಹೋದೆ. ಅಪ್ಪ ಅಣ್ಣನ ಮನೆಯಲ್ಲಿದ್ದ, ಸಂತೆ ತಪ್ಪಿಸುತ್ತಿರಲಿಲ್ಲ. ಖಟಕ ಚಿಂಚೋಳಿ, ಮೆಹಕರದ ಕಡೆಯಿಂದೆಲ್ಲ ದನ ಬಂದು ತುಂಬಿದ್ದವು. ಮೇವಿಲ್ಲದ ವರ್ಷ, ಮಾರುವವರೇ ಎಲ್ಲ. ದೂರದಿಂದ ಬಂದ ಕೊಳ್ಳುವವರು ಹತ್ತಕ್ಕೆ ಕೈ ಹಾಕಿ ಒಂಬತ್ತು ಬಿಡುತ್ತಿದ್ದರು. ಬಯಾನಾ ವಾಪಸ್ ಕೇಳುತ್ತಿದ್ದರು, ಬಾಯಿಗೆ ಬಂದ ಖೋಡಿ ಹೇಳುತ್ತಿದ್ದರು. ಅಪ್ಪ ನನ್ನ ಕಣ್ಣೆದುರೇ ಒಬ್ಬನಿಗೆ ಬಯಾನಾ ಹಿಂದಿರುಗಿಸಿದ, ಸಾಲದ್ದಕ್ಕೆ ಚಹಾ ಕುಡಿಸಿದ. ನಾಚಿಕೆಯಾಯಿತು. ನನಗೆ ರೀತಿ ಕಲಿಸಿ, ತಾನು ಗಾಳಿಗೆ ತೂರಿ ಕುಳಿತಿದ್ದಾನಲ್ಲ ಎಂದು ಸಿಟ್ಟೂ ಬಂತು.

ಬೇವಿನ ಮರದ ಕೆಳಗೆ ಅವನ ಪಕ್ಕ ಕುಳಿತೆ.

"ಅಪ್ಪಾ, ಕೊಳ್ಳಾಂವ ಬಿಟ್ಟು ಹೋಗಾಗ ಖೋಡಿ ಹೇಳಿ ಹೋದ್ರ ಮಾರಾಂವ ಏನ್ ಮಾಡ್ಬೇಕು?"

"ಏನ್ ಮಾಡ್ತಾನ? ದನ ಹೊಡ್ಕೊಂಡು ಮನಿಗಿ ಹೋಗ್ತಾನ."

"ಬ್ಯಾರೆ ದಾರಿನೇ ಇಲ್ಲೇನು?"

ಅಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಒಂದ್ ಅದ. ಬಯಾನಾದ ದುಪ್ಪಟ್ಟು ರೊಕ್ಕಾ ನಾಕು ಮಂದಿ ಮುಂದ ಅವನ ಕೈಯಾಗ ಇಡ್ಬೇಕು. ಸೌದಾ ನಾ ಮುರದೇನಿ ಅನ್ಬೇಕು. ಅಂವ ತಗೊಂಡ ಅಂದ್ರ, ಬಿಟ್ಟಾಂವ ಅಂವ ಅಲ್ಲ, ಮಾರಾಂವನೇ ಕೊಡ್ಲಿಲ್ಲ ಅಂದಂಗಾತು. ಆಮ್ಯಾಲ ಅಂವ ಹೇಳಿದ ಖೋಡಿ ಅಂವನೇ ನುಂಗ್ಬೇಕು."

"ಯಾರರ ಮಾಡ್ಯಾರೇನು ಹಂಗ?"

"ನಾ ನೋಡಿದ್ದು ಒಬ್ಬನ್ನ. ಭಾಳ ಸೊಕ್ಕಿನ ಮನುಷ್ಯಾ."

ಹೇಳುತ್ತಾ ನನ್ನ ಎಡಗೈ ನೋಡಿದ. ಯಾವ ದನ, ಯಾರ ದನ ಎಂದು ಕೇಳಲಿಲ್ಲ. ಮಗಳು ರೊಟ್ಟಿ ಬಡಿಯುತ್ತಿದ್ದ ಮೆಸ್ಸು ಮುಚ್ಚಿ ವರ್ಷದ ಮೇಲಾಯಿತು ಎಂದು ಅವನಿಗೆ ತಿಳಿದಿತ್ತು. ಆಮೇಲೆ ಏನು ಮಾಡುತ್ತಿ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

ಬಾಡಿಗೆಗೆಂದು ಎತ್ತಿಟ್ಟಿದ್ದ ಸಾವಿರ ರೂಪಾಯಿ ತೆಗೆದುಕೊಂಡು ಎರಡು ದಿನ ಬಿಟ್ಟು ಔರಾದಿಗೆ ಹೋದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ನೀಲಿ ಡ್ರಮ್ಮುಗಳು ರಸ್ತೆಯವರೆಗೆ ಬಂದಿದ್ದವು. ಅವನು ಗಲ್ಲಾದ ಹಿಂದೆ ಕುಳಿತಿದ್ದ, ಹಣೆಯ ತುಂಬ ವಿಭೂತಿ. ಒಬ್ಬ ಮುದುಕಿ ಕೊಡಗಳನ್ನು ಬಡಿದು ಬಡಿದು ನೋಡುತ್ತಿದ್ದಳು. ಪಟಗಾ ಸುತ್ತಿದ ಒಬ್ಬ ರೈತ ತಾಡಪತ್ರಿ ಅಳೆಸುತ್ತಿದ್ದ. ವ್ಯಾಪಾರಿ ನನ್ನನ್ನು ನೋಡಿದ, ವಿಭೂತಿಗೂ ಮುಖಕ್ಕೂ ಒಂದೇ ಬಣ್ಣ ಬಂತು.

"ಏನ್ ಬೇಕಾಗಿತ್ತು?" ಎಂದ, ಗುರುತೇ ಇಲ್ಲದವನ ಹಾಗೆ.

"ಏನೂ ಬ್ಯಾಡ್ರಿ ಸಾವ್ಕಾರ್ರ, ಕೊಡ್ಲಾಕ ಬಂದೇನಿ. ನೀವು ಐನೂರ ಬಯಾನಾ ಕೊಟ್ಟಿದ್ರಿ. ಇಲ್ಲಿ ಸಾವಿರ ಅದ ನೋಡ್ರಿ. ಸೌದಾ ನಾ ಮುರದೇನಿ."

ಪಟಗಾದವನು ತಾಡಪತ್ರಿ ಬಿಟ್ಟು ತಿರುಗಿದ. "ಯಾತರ ಸೌದಾ ರೀ ಸಾವ್ಕಾರ್ರ?"

ವ್ಯಾಪಾರಿ ಮುದುಕಿಯ ಕಡೆ ಒಮ್ಮೆ, ರೈತನ ಕಡೆ ಒಮ್ಮೆ ನೋಡಿದ. "ಎಮ್ಮಿ," ಎಂದ. "ಒಂದು ಎಮ್ಮಿದು."

"ದುಪ್ಪಟ್ಟು ತಂದಾಳ! ಇಂಥಾ ವರ್ಷದಾಗ! ತಗೋರಿ ತಗೋರಿ, ಇಂಥಾವ್ರು ಎಲ್ಲಿ ಅದಾರ ಈಗ?" ಎಂದ ಪಟಗಾದವನು.

ಗಲ್ಲಾದ ಮೇಲೆ ಇಟ್ಟ ನೋಟಿನ ಮೇಲಿಂದ ನಾನು ಕೈ ಎತ್ತಲಿಲ್ಲ. "ಖೋಡಿ ಅದ ಅಂದಿದ್ರಿ ಅವತ್ತ. ಇತ್ತೇನ್ರಿ?"

"ಇಲ್ಲ."

"ಜೋರಾಗಿ ಅನ್ರಿ. ಈ ಅಮ್ಮಗ ಕೇಳ್ಸಲಿಲ್ಲ."

"ಖೋಡಿ ಏನೂ ಇರ್ಲಿಲ್ಲ," ಎಂದ. ಈ ಸಲ ಬೀದಿಗೆ ಕೇಳುವ ಹಾಗೆ.

ಕೈ ಎತ್ತಿದೆ. ಅವನು ಎರಡೂ ನೋಟುಗಳನ್ನು ತೆಗೆದುಕೊಂಡು, ಒಂದೊಂದಾಗಿ ಬೆಳಕಿಗೆ ಹಿಡಿದು, ಖೋಟಾ ಅಲ್ಲವೆಂದು ನೋಡಿ ಗಲ್ಲಾದೊಳಗೆ ಹಾಕಿದ. ಬೇಡ ಎಂದಾನು, ಮುಖ ಉಳಿಸಿಕೊಳ್ಳಲಿಕ್ಕಾದರೂ ಒಮ್ಮೆ ಬೇಡ ಎಂದಾನು ಎಂದು ನಾನು ಅಂದುಕೊಂಡಿದ್ದೆ. ಎಂಥಾ ಹುಚ್ಚಿ ನಾನು.

ತೋಳು ಸರಿದು ಬರೆ ಕಾಣುತ್ತಿದ್ದ ನನ್ನ ಎಡಗೈಯನ್ನು ಮುದುಕಿ ನೋಡಿದಳು. "ಕಾಮಣಿಗಿ ಹಾಕಿದ್ದೇನು ತಂಗಿ? ನಂಗೂ ಹಾಕ್ಯಾರ ನೋಡು," ಎಂದು ಕುಪ್ಪಸದ ತೋಳು ಎಳೆದು ತೋರಿಸಿದಳು. ನನ್ನಂಥವೇ ಬರೆಗಳು, ಸುಕ್ಕಿನಲ್ಲಿ ಅರ್ಧ ಮುಚ್ಚಿಹೋಗಿದ್ದವು. ವ್ಯಾಪಾರಿ ಡ್ರಮ್ಮುಗಳ ಕಡೆ ನೋಡುತ್ತಾ ಕುಳಿತ. "ಎಮ್ಮಿ ಇನ್ನೂ ಅದೇನು?" ಎಂದು ಮುದುಕಿ ಕೇಳಿದಳು.

"ಅದ ಅಮ್ಮ. ಮಾರೂದಿಲ್ಲ," ಎಂದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಸರಿದು ಕುಳಿತಳು. ಬೀದರಿನಲ್ಲಿ ಇಳಿದು ಮಿರ್ಚಿ ಭಜಿ ಕೊಂಡು ತಿಂದೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಿದ ಹಾಗಾಯಿತು. ಇನ್ನು ಫೋನು ಬರುತ್ತದೆ ಎಂದು ಕಾದೆ. ಮಾರುವುದಿಲ್ಲ ಎಂದು ಔರಾದಿನಲ್ಲಿ ಹೇಳಿ ಬಂದದ್ದು ಸೊಕ್ಕಿನ ಮಾತು, ಅಷ್ಟೇ. ಬಾಡಿಗೆ ಕೊಡಬೇಕಿತ್ತು.

ಹತ್ತು ದಿನ ಕಾದು ಲಾಡ್ಜಿಗೇ ಹೋದೆ. ನಡೆದದ್ದನ್ನೆಲ್ಲ ಮ್ಯಾನೇಜರನಿಗೆ ಹೇಳಿದೆ. ಬೆಂಚಿನ ಮೇಲೆ ಆ ಮೂವರಲ್ಲಿ ಇಬ್ಬರು ಇದ್ದರು. ಒಬ್ಬ ಎದ್ದು ಹೊರಗೆ ಹೋದ, ನನ್ನ ಸೆರಗು ತಾಗದ ಹಾಗೆ ಗೋಡೆಗೆ ಒತ್ತಿ ನಡೆದು ಹೋದ. ಮ್ಯಾನೇಜರ ಪೂರ್ತಿ ಕೇಳಿ ತಲೆ ಕೆರೆದುಕೊಂಡ. "ಔರಾದದಾಗ ಅಂವ ಎಮ್ಮಿಗಿ ಖೋಡಿ ಇಲ್ಲ ಅಂದ್ರ, ಇಲ್ಲಿ ನನಗೇನಾತು ಅವ್ವ?" ಎಂದ. ಖೋಲಿ ಖಾಲಿ ಮಾಡಿದೆ.

ಬೀದರ ಬಿಟ್ಟು ಹೊರಡುವ ಮೊದಲು ಭಾಲ್ಕಿಯ ಸಂತೆಗೆ ಇನ್ನೊಮ್ಮೆ ಹೋದೆ. ಅಪ್ಪ ಅದೇ ಬೇವಿನ ಕೆಳಗಿದ್ದ. ಅವತ್ತು ದನಗಳೂ ಕಡಿಮೆ.

"ದುಪ್ಪಟ್ಟು ಕೊಟ್ಟೆ," ಎಂದೆ. "ಅಂವ ತಗೊಂಡ. ಖೋಡಿ ಇರ್ಲಿಲ್ಲ ಅಂತ ಬಾಯಿ ಬಿಟ್ಟು ಅಂದ. ಆದ್ರೂ ಏನೂ ಆಗ್ಲಿಲ್ಲ."

ಅಪ್ಪ ನನ್ನ ಕಡೆ ತಿರುಗಿದ. "ಎಲ್ಲಿ ಕೊಟ್ಟಿ?"

"ಅವನ ಅಂಗಡ್ಯಾಗ."

"ಅಂವ ಖೋಡಿ ಹೇಳಿದ್ದು?"

"ಬ್ಯಾರೆ ಕಡಿ. ಬ್ಯಾರೆ ಊರಾಗ."

ಅಪ್ಪ ಕಣ್ಣು ಮುಚ್ಚಿದ. "ಹೇಳಿದ ಸಂತ್ಯಾಗನೇ ನುಂಗ್ಬೇಕು ಅವ್ವ. ಕೇಳಿದವ್ರ ಮುಂದನೇ. ಬ್ಯಾರೆ ಕಡಿ ನುಂಗಿದ್ದು ಲೆಕ್ಕಕ್ಕಿಲ್ಲ."

ಮೈಯೆಲ್ಲ ಉರಿದು ಹೋಯಿತು. ಸಾವಿರ ರೂಪಾಯಿ, ಔರಾದಿನ ಆ ಬಿಸಿಲು, ಗೋಡೆಗೆ ಒತ್ತಿಕೊಂಡು ನಡೆದವನ ಮುಖ, ಎಲ್ಲ ಒಟ್ಟಿಗೆ ಬಂದವು. "ಅವತ್ತೇ ಯಾಕ ಹೇಳ್ಲಿಲ್ಲ? ಎಲ್ಲಿ ಅಂತ ಒಂದ್ ಮಾತು ಯಾಕ ಕೇಳ್ಲಿಲ್ಲ ನೀ?" ಎಂದು ಕೂಗಿದೆ. ಸಂತೆಯ ಜನ ತಿರುಗಿ ನೋಡಿದರು.

ಅಪ್ಪ ಹೆಗಲ ಟವೆಲು ತೆಗೆದು ನನ್ನ ಎಡಗೈಯ ಮೇಲೆ ಹಾಕಿದ. ಅದರ ಕೆಳಗೆ ಕೈ ತೂರಿ, ಆ ಮೂರು ಬರೆಗಳ ಮೇಲೆ ಬೆರಳಿಟ್ಟ.

"ಎಲ್ಲಿ ಅಂತ ಕೇಳಿದ್ರ," ಎಂದ, "ಯಾವ ದನ ಅಂತನೂ ಕೇಳ್ಬೇಕಾಗ್ತಿತ್ತು."